ಪದಚರ್ಚೆ: ದಾರದ ‘ಟೆನ್ಶನ್’ – ಬಿಗಿ, ಜಗ್ಗು, ಕೊಂಡಿ, ಯಾವುದು ಸರಿ?

ಎಲ್ಲರಿಗೂ ನಮಸ್ಕಾರ.

ಬಾಗಲಕೋಟೆಯ ನವನಗರದಿಂದ ಬರೆಯುತ್ತಿದ್ದೇನೆ. ಕೌದಿ ಹೊಲಿಯೋ ಒಂದು ಸಣ್ಣ ಘಟಕ ನಮ್ಮದು. ಆರು ಜನ ಹೆಣ್ಣುಮಕ್ಕಳು ಕೆಲಸ ಮಾಡುತ್ತಾರೆ. ಮೊದಲೆಲ್ಲ ಕೈಹೊಲಿಗೆಯೇ ಇತ್ತು. ಈಗ ಒಂದು ಲಾಂಗ್‌ಆರ್ಮ್ ಮಷಿನ್ ಬಂದಿದೆ. ಸಾದಾ ಮಷಿನ್‌ನಲ್ಲಿ ನಾವು ಬಟ್ಟೆ ತಳ್ಳುತ್ತೇವೆ, ಅಲ್ವಾ? ಇದರಲ್ಲಿ ಬಟ್ಟೆಯನ್ನು ಚೌಕಟ್ಟಿನ ರೋಲರ್‌ಗಳಿಗೆ ಸುತ್ತಿ ನಿಲ್ಲಿಸಿರುತ್ತಾರೆ, ಮಷಿನ್ನೇ ಅದರ ಮೇಲೆ ಓಡಾಡುತ್ತದೆ. ನಮ್ಮವರು ಇದಕ್ಕೆ ಬಂದ ವಾರವೇ ‘ಉದ್ದಗೈ ಮಷಿನ್’ ಅಂತ ಹೆಸರಿಟ್ಟರು. ಅದು ಚೆನ್ನಾಗಿಯೇ ಇದೆ, ಅದರ ಬಗ್ಗೆ ನನಗೆ ತಕರಾರಿಲ್ಲ.

ತಕರಾರು ಇರುವುದು ‘ಟೆನ್ಶನ್’ ಅನ್ನೋ ಪದದ್ದು, ಅಂದರೆ ಹೊಲಿಯುವಾಗ ದಾರದ ಮೇಲೆ ಬೀಳುವ ಎಳೆತ. ಮಷಿನ್ ಪಕ್ಕದ ಗೋಡೆಗೆ ಅಂಟಿಸಲು ಒಂದು ಹಾಳೆ ಬರೆಯಬೇಕಾಗಿದೆ. ದಾರ ತುಂಡಾದರೆ ಏನು ಮಾಡಬೇಕು, ಹೊಲಿಗೆ ಕೆಟ್ಟರೆ ಯಾವ ತಿರುಪು ಮುಟ್ಟಬೇಕು, ಇಷ್ಟೇ. ಎರಡು ಸಲ ಬರೆದು ಹರಿದು ಹಾಕಿದ್ದೇನೆ.

ಮೊದಲ ಸಲ ‘ಬಿಗಿ’ ಅಂತ ಬರೆದೆ. ಪತ್ರಿಕೆಗಳಲ್ಲಿ ‘ಬಿಗುವಿನ ವಾತಾವರಣ’ ಅಂತಾರಲ್ಲ, ಅದೇ ಬೇರು, ಎಲ್ಲರಿಗೂ ತಿಳಿಯುತ್ತದೆ ಅಂದುಕೊಂಡೆ. “ದಾರ ಕಡಿದರೆ ಬಿಗಿ ಕಡಿಮೆ ಮಾಡಿ” ಅಂತ ಒಂದು ಸಾಲು. ಮರುದಿನ ಬೆಳಿಗ್ಗೆ ಬಂದು ನೋಡಿದರೆ ರೋಲರ್ ಸಡಿಲ ಮಾಡಿದ್ದರು. ಬಟ್ಟೆ ಜೋತುಬಿದ್ದು, ಕೆಳಗಿನ ಪದರದಲ್ಲಿ ಗೇಣುದ್ದ ನಿರಿಗೆ ಕೂತಿತ್ತು. ಅವರದೇನೂ ತಪ್ಪಿಲ್ಲ. ಬಿಗಿ ಅಂದರೆ ಅವರಿಗೆ ಬಟ್ಟೆಯ ಬಿಗಿ. ತಿರುಪಿಗೂ ಬಿಗಿ ಇದೆ, ದಾರಕ್ಕೂ ಬಿಗಿ ಇದೆ. ಸಾಲದ್ದಕ್ಕೆ ಹೊಲಿಯುವ ಕೈಗೂ ಬಿಗಿ ಇದೆ. “ಆಕಿ ಕೈ ಬಿಗಿ ಐತ್ರಿ” ಅಂದರೆ ಆಕೆ ಹೊಲಿದ ಕೌದಿ ಮುದುಡುತ್ತದೆ, ದಾರವನ್ನು ಜಾಸ್ತಿ ಎಳೆದಿರುತ್ತಾಳೆ ಅಂತ. ಅದೇ ಮಾತಿಗೆ ಆಕೆ ಖರ್ಚು ಮಾಡುವವಳಲ್ಲ ಅನ್ನೋ ಅರ್ಥವೂ ಇದೆ. ಇಷ್ಟು ಕಡೆ ದುಡಿಯುವ ಪದವನ್ನು ಒಂದೇ ಅರ್ಥಕ್ಕೆ ಕಟ್ಟಿಹಾಕಲು ಹೋಗಿದ್ದು ನನ್ನ ತಪ್ಪು.

ಎರಡನೇ ಸಲ, ಅವರು ಏನಂತಾರೋ ಅದನ್ನೇ ಬರೆಯೋಣ ಅಂತ ಪಕ್ಕದಲ್ಲಿ ಕೂತು ಕೇಳಿಸಿಕೊಂಡೆ. ಒಬ್ಬರು “ಮ್ಯಾಲಿನ ದಾರ ಮಲಗೈತ್ರಿ” ಅಂದರು. ಮಲಗಿದೆ ಅಂದರೆ ಸಡಿಲಾಗಿದೆ ಅಂತ ನನಗೆ ಅನ್ನಿಸಿತು. ಮೇಲಿನ ದಾರವನ್ನು ಒತ್ತಿ ಹಿಡಿಯುವ ಬಿಲ್ಲೆಗಳ ಗುಂಡಿಯನ್ನು ಬಿಗಿಯಾಗುವ ಕಡೆಗೆ ಇನ್ನಷ್ಟು ತಿರುವಿದೆ. ನಾಲ್ಕು ಬೆರಳು ಹೊಲಿಯುವಷ್ಟರಲ್ಲಿ ದಾರ ಟಪ್ ಅಂತ ಕಡಿಯಿತು.

ಆಮೇಲೆ ಬಗ್ಗಿ ನೋಡಿದೆ. ಮೇಲಿನ ದಾರ ಬಟ್ಟೆಯೊಳಗೆ ಇಳಿಯದೆ ಗೀಟು ಎಳೆದ ಹಾಗೆ ನೆಟ್ಟಗೆ ಬಿದ್ದಿತ್ತು. ಕೆಳಗಿನ ಬಾಬಿನ್ (ಅಡಿಯ ದಾರ ಸುತ್ತಿಡುವ ಸಣ್ಣ ಉರುಳೆ) ದಾರ ಸಾಸಿವೆಯಷ್ಟು ಚುಕ್ಕಿ ಚುಕ್ಕಿಯಾಗಿ ಮೇಲೆ ಬಂದು ಅದನ್ನು ಹಿಡಿದುಕೊಂಡಿತ್ತು. ಅಂದರೆ ಮಲಗಿದ ದಾರ ಸಡಿಲಾದ ದಾರ ಅಲ್ಲ, ಬಿಗಿಯಾದ ದಾರ! ಮೇಲೆ ಮಲಗಿದ್ದರೆ ಮೇಲಿನದು ಜಾಸ್ತಿ ಬಿಗಿ, ಇಲ್ಲವೇ ಬಾಬಿನ್ ಸಡಿಲ. ಕೌದಿ ತಿರುವಿ ನೋಡಿದಾಗ ಬೆನ್ನಿನ ಕಡೆ ಮಲಗಿದ್ದರೆ ಬಾಬಿನ್ನಿನದು ಬಿಗಿ, ಇಲ್ಲವೇ ಮೇಲಿನದು ಸಡಿಲ. ಅವರು ‘ಮಲಗಿದೆ’ ಅಂದದ್ದು ಕಣ್ಣಿಗೆ ಕಂಡದ್ದನ್ನು. ನಾನು ಅದನ್ನು ಕಾರಣ ಅಂತ ತಿಳಿದೆ. ‘ಮಲಗು’ ಪದವನ್ನು ಹಾಳೆಯಲ್ಲಿ ಹಾಗೇ ಇಟ್ಟುಕೊಂಡಿದ್ದೇನೆ. ಕಂಡದ್ದನ್ನು ಇಷ್ಟು ಚೊಕ್ಕವಾಗಿ ಹೇಳುವ ಬೇರೆ ಮಾತು ನನಗೆ ಸಿಕ್ಕಿಲ್ಲ.

ಅಲ್ಲಿಂದ ಮುಂದೆ ಒಂದು ತಿಂಗಳು ಬರೀ ಕೇಳಿಸಿಕೊಳ್ಳುತ್ತಿದ್ದೇನೆ. ಸಿಕ್ಕ ಕೆಲವು ಪದಗಳು ಇವು.

ದಾರ ತುಂಡಾಗುವುದಕ್ಕೆ ನಮ್ಮವರಲ್ಲಿ ಎರಡು ಮಾತಿದೆ. “ದಾರ ಕಡೀತು” ಅಂದರೆ ಕತ್ತರಿಸಿದ ಹಾಗೆ ಒಂದೇ ಏಟಿಗೆ ತುಂಡಾಯಿತು. “ಎಳಿ ಬಿಟ್ಟೈತಿ” ಅಂದರೆ ಹುರಿ ಬಿಚ್ಚಿ, ಒಂದು ಎಳೆ ಹರಿದು, ಸೂಜಿ ಕಣ್ಣಿನ ಮೇಲೆ ಜುಂಗಿನ ಹಾಗೆ ಗುಪ್ಪೆಯಾಗಿದೆ. ಮಷಿನ್ ರಿಪೇರಿಗೆ ಬರುವವರು ಎರಡಕ್ಕೂ ‘ದಾರ ಕಟ್’ ಅನ್ನುತ್ತಾರೆ. ಆದರೆ ಎರಡರ ಕಾರಣ ಬೇರೆ. ಕಡಿದರೆ ಮೊದಲು ಬಿಗಿಯ ಕಡೆ ನೋಡಬೇಕು, ಅಥವಾ ದಾರ ಉಂಡೆಗೋ ಕೊಳವೆಗೋ ಎಲ್ಲಾದರೂ ಸಿಕ್ಕಿಕೊಂಡಿದೆಯಾ ಅಂತ ನೋಡಬೇಕು. ಎಳೆ ಬಿಟ್ಟರೆ ಮೊದಲು ಸೂಜಿ ಬದಲಿಸಬೇಕು. ಸೂಜಿ ಮೊಂಡಾಗಿರುತ್ತದೆ, ಕಣ್ಣಿನಲ್ಲಿ ಗೀರು ಬಿದ್ದಿರುತ್ತದೆ, ಇಲ್ಲವೇ ಆ ದಾರಕ್ಕೆ ಕಣ್ಣು ಸಣ್ಣದಾಗಿರುತ್ತದೆ. ನಾವು 40 ನಂಬರಿನ ದಾರಕ್ಕೆ 16ರ ಸೂಜಿ ಹಾಕುತ್ತಿದ್ದೆವು, ಕೌದಿ ದಪ್ಪ ಇದ್ದಾಗ 18ಕ್ಕೆ ಹೋದ ಮೇಲೆ ಎಳೆ ಬಿಡೋದು ಬಹಳ ಕಡಿಮೆಯಾಯಿತು. (ಇಲ್ಲೊಂದು ಗೊಂದಲ. ದಾರದ ನಂಬರ್ ಏರಿದಷ್ಟೂ ದಾರ ತೆಳು, ಸೂಜಿಯ ನಂಬರ್ ಏರಿದಷ್ಟೂ ಸೂಜಿ ದಪ್ಪ. ನೇಕಾರರ ಮನೆಯವರಿಗೆ ಮೊದಲನೆಯದು ಸಲೀಸು, ನೂಲಿನ ಲೆಕ್ಕವೂ ಹಾಗೇ ತಾನೇ. ಎರಡನೆಯದು ಉಲ್ಟಾ ಅಂತ ಒತ್ತಿ ಹೇಳಬೇಕಾಗುತ್ತದೆ.)

ಬಟ್ಟೆಯ ಅಡಿಯಲ್ಲಿ ದಾರ ಗಂಟುಗಂಟಾಗಿ ಕೂಡುವುದಕ್ಕೆ “ಜಡಿ ಕಟ್ಟೈತಿ” ಅಂತಾರೆ. ಕೂದಲು ಜಡೆಗಟ್ಟಿದ ಹಾಗೆ. ನನಗೆ ತುಂಬಾ ಇಷ್ಟವಾದ ಪದ. ಆದರೆ ನಮ್ಮಲ್ಲಿ ಹಿರಿಯರೊಬ್ಬರು ಸವದತ್ತಿ ಕಡೆಯವರು. ಎಲ್ಲಮ್ಮನ ಸೀಮೆಯಲ್ಲಿ ಜಡಿ ಅಂದರೆ ದೇವಿಯ ಗುರುತು, ಸುಮ್ನೆ ಆಡುವ ಮಾತಲ್ಲ. “ಜಡಿ ಕತ್ತರಸು” ಅನ್ನೋದನ್ನು ಅವರು ಬಾಯಲ್ಲೂ ತರುವುದಿಲ್ಲ, “ಬಿಡಿಸು” ಅನ್ನುತ್ತಾರೆ. ಹಾಗಾಗಿ ಹಾಳೆಯಲ್ಲಿ ‘ಸಿಕ್ಕು’ ಅಂತ ಬರೆದಿದ್ದೇನೆ. ಸಿಕ್ಕು ಕೆಳಗೆ ಕಂಡರೂ ತಪ್ಪು ಸಾಮಾನ್ಯವಾಗಿ ಮೇಲಿನದು. ಮೇಲಿನ ದಾರ ಬಿಲ್ಲೆಗಳ ನಡುವೆ ಕೂತಿರುವುದಿಲ್ಲ, ಅಥವಾ ಶುರು ಮಾಡುವಾಗ ದಾರದ ತುದಿ ಹಿಡಿದಿರುವುದಿಲ್ಲ. ಇದನ್ನು ಹೇಳದಿದ್ದರೆ ಎಲ್ಲರೂ ಬಾಬಿನ್ ಬಿಚ್ಚಿ ಕೂರುತ್ತಾರೆ.

ಬಳ್ಳಿ, ಸುರುಳಿ ಹೊಲಿಯುವಾಗ ತಿರುವಿನಲ್ಲಿ ಕೆಳಗಡೆ ಸಣ್ಣ ಸಣ್ಣ ಕುಣಿಕೆ ಎಳೆದು ನಿಲ್ಲುತ್ತವೆ. ಇಂಗ್ಲಿಷ್‌ನಲ್ಲಿ ಕಣ್ಣಿನ ರೆಪ್ಪೆಗೂದಲು ಅನ್ನುತ್ತಾರೆ. ನಮ್ಮವರು “ಜರಿಹುಳದ ಕಾಲು” ಅಂದರು. ನೋಡಿದರೆ ಥೇಟ್ ಹಾಗೇ ಕಾಣುತ್ತದೆ. ಬರೀ ‘ಜರಿ’ ಅಂತ ಬರೆದರೆ ಮಾತ್ರ ಕಷ್ಟ, ಸೀರೆಯ ಊರುಗಳಲ್ಲಿ ಜರಿ ಅಂದರೆ ಅಂಚಿನ ಜರಿಯೇ. ಮೇಲಿನ ದಾರ ಸಡಿಲಿದ್ದು, ತಿರುವಿನಲ್ಲಿ ಮಷಿನ್ ಜೋರಾಗಿ ಎಳೆದರೆ ಇದು ಆಗುತ್ತದೆ. ಮೇಲಿನದನ್ನು ಕೊಂಚ ಬಿಗಿ ಮಾಡಿ, ಕೈ ನಿಧಾನ ಮಾಡಿದರೆ ಹೋಗುತ್ತದೆ.

ಬಾಬಿನ್ ಡಬ್ಬಿಯ ಬಿಗಿ ನೋಡುವ ಪರೀಕ್ಷೆಗೆ ಅವರೇ ಕೊಟ್ಟ ಹೋಲಿಕೆ ‘ಬಾವಿಗೆ ಕೊಡ ಬಿಟ್ಟಂಗ’. ಡಬ್ಬಿಯಿಂದ ಬಂದ ದಾರ ಹಿಡಿದು ತೂಗಿಬಿಟ್ಟು, ಕೈ ಸ್ವಲ್ಪ ಅಲ್ಲಾಡಿಸಿದರೆ ಡಬ್ಬಿ ತುಸು ಇಳಿದು ನಿಲ್ಲಬೇಕು. ಸರ್ರನೆ ಬಿದ್ದರೆ ಸಡಿಲ, ಅಲ್ಲಾಡಿಸಿದರೂ ಇಳಿಯದಿದ್ದರೆ ಬಿಗಿ. ತಿರುಪನ್ನು ಗಡಿಯಾರದಲ್ಲಿ 12ರಿಂದ 1ಕ್ಕೆ ಹೋದಷ್ಟು ಮಾತ್ರ ತಿರುವಬೇಕು. ಅದಕ್ಕೂ ಮೊದಲು ಡಬ್ಬಿಯ ಪಟ್ಟಿಯ ಕೆಳಗೆ ಹತ್ತಿ ಜುಂಗು ಕೂತಿದೆಯಾ ಅಂತ ದಪ್ಪ ಕಾಗದದ ಮೂಲೆ ತೂರಿಸಿ ತೆಗೆಯಬೇಕು. ಜುಂಗು ತೆಗೆದರೇ ಎಷ್ಟೋ ಸಲ ಸರಿಹೋಗುತ್ತದೆ. ಬಾಬಿನ್ ಸರಿ ಮಾಡಿಕೊಂಡ ಮೇಲೆಯೇ ಮೇಲಿನ ಗುಂಡಿಗೆ ಕೈ ಹಾಕಬೇಕು.

ಈಗ ಮುಖ್ಯವಾದದ್ದಕ್ಕೆ ಬರುತ್ತೇನೆ.

ನಮ್ಮಲ್ಲಿ ಒಬ್ಬರು ಇಳಕಲ್ಲಿನವರು, ನೇಕಾರರ ಮನೆಯಲ್ಲಿ ಬೆಳೆದವರು. ಬಾಬಿನ್ನಿಗೆ ಅವರು ‘ಕಂಡಿಕಿ’ ಅನ್ನುತ್ತಾರೆ. ಮಗ್ಗದಲ್ಲಿ ಹೊಕ್ಕಿನ (ಅಡ್ಡ ಎಳೆಯ) ನೂಲು ಸುತ್ತಿ ಲಾಳಿಯೊಳಗೆ ಇಡುವ ಕಂಡಿಕೆ. ಬಾಬಿನ್ ಡಬ್ಬಿ ಅವರಿಗೆ ‘ಲಾಳಿ’. ಇದು ಬರೀ ಹೋಲಿಕೆಯಲ್ಲ ಅನ್ನೋದು ನನಗೆ ಆಮೇಲೆ ಹೊಳೆಯಿತು. ಹಳೇ ಹೊಲಿಗೆ ಮಷಿನ್‌ಗಳಲ್ಲಿ ಉದ್ದನೆಯ ಬಾಬಿನ್ ಹೊತ್ತು ದೋಣಿಯಾಕಾರದ ಲಾಳಿಯೇ ಹಿಂದೆ ಮುಂದೆ ಓಡುತ್ತಿತ್ತು. ನಮ್ಮ ದರ್ಜಿಗಳು ಇವತ್ತಿಗೂ ಆ ಭಾಗಕ್ಕೆ ‘ಶಟಲ್’ ಅನ್ನುವುದು ಅದಕ್ಕೇ.

ಇವರು ಒಂದು ದಿನ ಹೊಲಿಗೆ ನೋಡಿ “ಕೊಂಡಿ ಮ್ಯಾಲ ಬಂದೈತಿ, ಒಳಗ ಕೂಡಬೇಕಿತ್ತು” ಅಂದರು. ಇಳಕಲ್ ಸೀರೆಯ ಬಗ್ಗೆ ತಿಳಿದವರಿಗೆ ಕೊಂಡಿ ಗೊತ್ತೇ ಇದೆ. ಸೀರೆಯ ಮೈಯ ಹಾಸು (ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡೂ ಎಳೆಗಳನ್ನು ಕುಣಿಕೆಯೊಳಗೆ ಕುಣಿಕೆ ಹಾಕಿ ಜೋಡಿಸುತ್ತಾರೆ, ಅದೇ ಕೊಂಡಿ. ಮಷಿನ್ ಹೊಲಿಗೆಯಲ್ಲೂ ಅದೇ ನಡೆಯುತ್ತದೆ. ಮೇಲಿನ ದಾರದ ಕುಣಿಕೆ ಬಾಬಿನ್ ಸುತ್ತಿ ಬಂದು ಕೆಳಗಿನ ದಾರವನ್ನು ಹಿಡಿಯುತ್ತದೆ. ಹಿಡಿದ ಆ ಜಾಗ ಮೇಲಿನ ಬಟ್ಟೆ, ಕೆಳಗಿನ ಬಟ್ಟೆ ಎರಡರ ನಡುವಿನ ಹತ್ತಿಯ ಪದರದಲ್ಲಿ ಅಡಗಿರಬೇಕು. ಅದೇ ಸರಿಯಾದ ಟೆನ್ಶನ್. ಕೈಹೊಲಿಗೆಯ ಕೌದಿಯಲ್ಲಿ ಒಂದೇ ದಾರ, ಅಲ್ಲಿ ಕೊಂಡಿಯ ಮಾತೇ ಬರುವುದಿಲ್ಲ. ನಮ್ಮ ಕೈಹೊಲಿಗೆಯವರಿಗೆ ಈ ಮಷಿನ್ ಕಷ್ಟವಾದದ್ದು ಇಲ್ಲೇ ಅಂತ ಕಾಣುತ್ತದೆ.

ಹಾಗಾಗಿ ಮೂರನೇ ಸಲ ಹೀಗೆ ಬರೆದಿದ್ದೇನೆ: “ಕೊಂಡಿ ಮೇಲೆ ಕಂಡರೆ ಮೇಲಿನ ಗುಂಡಿ ಸಡಿಲ ಮಾಡಿ. ಕೊಂಡಿ ಕೆಳಗೆ ಕಂಡರೆ ಮೇಲಿನ ಗುಂಡಿ ಬಿಗಿ ಮಾಡಿ. ಕೊಂಡಿ ಕಾಣದಿದ್ದರೆ ಏನೂ ಮುಟ್ಟಬೇಡಿ.” ಟೆನ್ಶನ್ ಅನ್ನೋ ಪದವೇ ಬೇಕಾಗಲಿಲ್ಲ. ಇದನ್ನು ಓದಿ ಹೇಳಿದ ದಿನ ನಮ್ಮಲ್ಲಿ ತೀರಾ ಹೊಸಬರಾದ ಹುಡುಗಿ ತಾನೇ ಗುಂಡಿ ಸರಿ ಮಾಡಿಕೊಂಡಳು. ನನಗೆ ಆದ ಖುಷಿ ಹೇಳತೀರದು.

ಈಗ ನಿಮ್ಮಲ್ಲಿ ಕೇಳುವುದಿಷ್ಟು.

ಕೊಂಡಿಗೆ ಚೇಳಿನ ಕೊಂಡಿ, ಬಾಗಿಲಿನ ಕೊಂಡಿ ಅನ್ನೋ ಅರ್ಥಗಳೂ ಇವೆ. ಮಷಿನ್‌ನಲ್ಲಿ ಕುಣಿಕೆ ಹಿಡಿಯುವ ಮೊನಚಾದ ಭಾಗವನ್ನೂ ಕೆಲವರು ಕೊಂಡಿ ಅಂದಾರು. ಅದಕ್ಕೆ ‘ಕೊಕ್ಕಿ’ ಅಂತಲೂ, ದಾರ ಸೇರುವ ಜಾಗಕ್ಕೆ ‘ಕೊಂಡಿ’ ಅಂತಲೂ ಬೇರೆ ಮಾಡಿ ಇಟ್ಟರೆ ಹೊಂದುತ್ತದೆಯೇ?

ದಾರದ ಮೇಲೆ ಬೀಳುವ ಎಳೆತಕ್ಕೆ ‘ಜಗ್ಗು’ ಅಂತ ಹೆಸರುಪದವಾಗಿ ಬಳಸಬಹುದೇ? “ದಾರದ ಜಗ್ಗು ಜಾಸ್ತಿ ಆಗೈತಿ” ಅನ್ನೋದು ನಮ್ಮ ಕಡೆ ಕಿವಿಗೆ ಚುಚ್ಚುವುದಿಲ್ಲ. ‘ಎಳೆತ’ ತಪ್ಪಲ್ಲ, ಆದರೆ ಎಳೆ, ಎಳೆಯುವುದು, ಎಳೆತ ಮೂರೂ ಒಂದೇ ಸಾಲಿನಲ್ಲಿ ಬಂದರೆ ಓದುವವರಿಗೆ ತೊಡಕು. ‘ಕರ್ಷಣ’ ಶಾಲೆಯ ಪುಸ್ತಕಕ್ಕೆ ಇರಲಿ.

ಬಟ್ಟೆಯ ಬಿಗಿಗೆ ಒಂದು ಹೋಲಿಕೆ ಸಿಕ್ಕಿದೆ. ಹೋಳಿ ಹಬ್ಬಕ್ಕೆ ನಮ್ಮೂರಲ್ಲಿ ಹಲಗಿ ವಾದ್ಯವನ್ನು ಬೆಂಕಿಗೆ ಕಾಸಿ ಬಾರಿಸುತ್ತಾರೆ. “ಹಲಗಿಯಂಗ ಏರಸಬ್ಯಾಡ್ರಿ” ಅಂದರೆ ಸಾಕು, ತಿಳಿಯುತ್ತದೆ. ಕೆಳಗಿನಿಂದ ಬೆರಳು ಒತ್ತಿದರೆ ಮೇಲಿನಿಂದ ಆ ಬೆರಳನ್ನು ಹಿಡಿಯಲು ಆಗಬೇಕು, ಅಷ್ಟು ಬಿಗಿ ಸಾಕು. ಅದಕ್ಕಿಂತ ಬಿಗಿಯಾದರೆ ಸೂಜಿ ವಾಲಿ ಹೊಲಿಗೆ ಹಾರುತ್ತದೆ. ಆದರೆ ಆ ಹದಕ್ಕೆ ಒಂದೇ ಪದ ಬೇಕು. ತೊಟ್ಟಿಲಿನ ಬಟ್ಟೆಗೋ ಜೋಳಿಗೆಗೋ ಸಂಬಂಧಿಸಿದ ಮಾತು ಯಾರಿಗಾದರೂ ಗೊತ್ತಿದೆಯೇ?

ಇನ್ನು ಹೊಲಿಗೆಯ ಒಂದೊಂದು ಹೆಜ್ಜೆಗೆ. ನಾವು ‘ಟಾಕಿ’ ಅನ್ನುತ್ತೇವೆ. ಬೆಳಗಾವಿಯಿಂದ ಬಂದವರು ಕೈಯದಕ್ಕೆ ಟಾಕಿ, ಮಷಿನ್ನಿನದಕ್ಕೆ ‘ಟೀಪ’ ಅಂತ ಬೇರೆ ಮಾಡುತ್ತಾರೆ, ಮರಾಠಿಯ ನೆರಳು ಅದು. 1997ರವರೆಗೆ ನಮ್ಮದೂ ವಿಜಯಪುರದ್ದೂ ಒಂದೇ ಜಿಲ್ಲೆ, ಮಾತೂ ಹತ್ತಿರ. ಆದ್ದರಿಂದ ಇಂಡಿ, ಸಿಂದಗಿ ಕಡೆಯವರು ಏನಂತಾರೆ ಅಂತ ಮುಖ್ಯವಾಗಿ ತಿಳಿಯಬೇಕು. ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ) ನೇಯುವ ಮನೆಗಳವರು ಯಾರಾದರೂ ಇಲ್ಲಿದ್ದರೆ, ಎರಡು ನೂಲಿನ ಎಳೆತ ಸಮ ಇರುವುದಕ್ಕೆ ಮಗ್ಗದ ಮೇಲೆ ಏನಂತೀರಿ ಅಂತ ದಯವಿಟ್ಟು ಬರೆಯಿರಿ. ಮನೆಯ ಹಿರಿಯರನ್ನು ಕೇಳಿ, ಅವರು ಆಡಿದ ಹಾಗೇ ಬರೆದರೆ ಇನ್ನೂ ಒಳ್ಳೆಯದು. ಹಾಳೆಯನ್ನು ಇನ್ನೂ ಗೋಡೆಗೆ ಅಂಟಿಸಿಲ್ಲ, ಪಿನ್ ಚುಚ್ಚಿ ಇಟ್ಟಿದ್ದೇನೆ.