ಮೊದಲ ಗುಂಡು ಸರಿ, ಆಮೇಲಿನವು ಬಲಕ್ಕೆ ಏರುತ್ತಿವೆ: ರೈಫಲ್‌ಗೆ ಏನಾಗಿದೆ?

ಪ್ರಶ್ನೆ:
ನನ್ನದು .308 ಬೋಲ್ಟ್ ಆ್ಯಕ್ಷನ್ (ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ಎಳೆಯುವ ರೈಫಲ್), ಬ್ಯಾರೆಲ್ ಕೂರುವ ಸ್ಟಾಕ್ ಮರದ್ದು. 100 ಮೀಟರ್‌ನಲ್ಲಿ ಮೂರು ಗುಂಡುಗಳ ತೂತು ಒಂದು ಬೆಂಕಿಪೊಟ್ಟಣದಡಿ ಮುಚ್ಚಿಹೋಗುತ್ತಿತ್ತು. ಮಳೆಗಾಲವಿಡೀ ಬಳಸದೆ ಇಟ್ಟಿದ್ದೆ, ಈಗ ತೆಗೆದರೆ ಗೇಣುದ್ದ ಹರಡುತ್ತಿವೆ. ಮೊದಲನೆಯದು ಸರಿಯಾಗಿ ನಡುವಿಗೇ ಬೀಳುತ್ತದೆ. ಆಮೇಲಿನವು ಒಂದೊಂದಾಗಿ ಬಲಕ್ಕೆ, ಮೇಲಕ್ಕೆ ಸರಿಯುತ್ತವೆ. ತೋಟಾ ಅದೇ ಕಂಪನಿಯದು, ಅದೇ ಲಾಟ್. ಹೊಸ ಸ್ಕೋಪ್ ಕೊಳ್ಳಬೇಕೇ? ಪ್ರಾಣಿ ಗಾಯಗೊಂಡು ನರಳುವುದನ್ನು ನನ್ನಿಂದ ನೋಡಲಾಗದು. ಇದು ಸರಿಹೋಗುವ ತನಕ ಬೇಟೆಗೆ ಒಯ್ಯುವುದಿಲ್ಲ.

ಉತ್ತರ 1:
ಸ್ಕೋಪನ್ನು ರೈಫಲ್‌ಗೆ ಹಿಡಿದಿಡುವ ಮೌಂಟ್, ರಿಂಗ್ ಸ್ಕ್ರೂ ಸಡಿಲವಾಗಿವೆಯೇ ನೋಡಿ. ಆ್ಯಕ್ಷನ್ನನ್ನು (ಬೋಲ್ಟ್ ಕೂರುವ ಲೋಹದ ಭಾಗ) ಸ್ಟಾಕಿಗೆ ಬಿಗಿಯುವ ಸ್ಕ್ರೂಗಳನ್ನೂ ನೋಡಿ. ಬ್ಯಾರೆಲ್ಲಿನ ಒಳಗೆ ಗುಂಡಿನ ತಾಮ್ರದ ಪದರ ಕೂತಿದ್ದರೂ ಗುಂಡು ಚದುರುತ್ತದೆ. ಅಮೋನಿಯಾ ಇರುವ ಸಾಲ್ವೆಂಟ್ ಹಾಕಿ ಬಟ್ಟೆ ಎಳೆಯಿರಿ, ನೀಲಿ ಬಣ್ಣ ಬಂದರೆ ತಾಮ್ರ ಇದೆ ಎಂದರ್ಥ.

ಉತ್ತರ 2:
ಸ್ಕೋಪಿಗೆ ದುಡ್ಡು ಸುರಿಯಬೇಡಿ ಸಾರ್, ಈಗಲೇ ಬೇಡ. ಮೌಂಟ್ ಸಡಿಲವಿದ್ದರೆ ಗುಂಡು ಸಾಮಾನ್ಯವಾಗಿ ದಿಕ್ಕಿಲ್ಲದೆ ಚದುರುತ್ತದೆ. ನಿಮ್ಮದು ಹಾಗಲ್ಲ: ಬ್ಯಾರೆಲ್ ತಣ್ಣಗಿದ್ದಾಗ ಸರಿ, ಕಾದಂತೆಲ್ಲ ಒಂದೇ ದಿಕ್ಕಿಗೆ ಓಡುತ್ತಿದೆ. ನನಗೆ ಅನುಮಾನ ಮರದ ಮೇಲೆ. ತೇವ ಹೀರಿದ ಮರ ಉಬ್ಬಿ ಬ್ಯಾರೆಲ್ಲಿಗೆ ಒತ್ತಿಕೊಂಡಿರುತ್ತದೆ. ಕಾದಾಗ ಆ ಒತ್ತಡ ಬದಲಾಗುತ್ತದೆ.

ಚೇಂಬರ್, ಮ್ಯಾಗಜಿನ್ ಎರಡೂ ಖಾಲಿ ಇರುವುದನ್ನು ಕಣ್ಣಾರೆ ನೋಡಿಕೊಳ್ಳಿ. ಒಂದು ತೆಳು ಕಾಗದದ ಪಟ್ಟಿಯನ್ನು ಬ್ಯಾರೆಲ್ ಮತ್ತು ಮರದ ನಡುವೆ ತೂರಿಸಿ, ಸ್ಟಾಕಿನ ಮುಂತುದಿಯಿಂದ ಹಿಂದಕ್ಕೆ ಎಳೆಯುತ್ತ ಹೋಗಿ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೋ ಅಲ್ಲಿಗೆ ಪೆನ್ಸಿಲ್ ಗುರುತು ಹಾಕಿ. ಗುಂಡು ಬಲಕ್ಕೆ, ಮೇಲಕ್ಕೆ ಸರಿಯುತ್ತಿರುವುದರಿಂದ ಒತ್ತು ಎಡಬದಿ, ಕೆಳಭಾಗದಲ್ಲಿ ಸಿಗಬೇಕು.

ಪ್ರಶ್ನೆ ಕೇಳಿದವರು:
ಸರಿಯಾಗಿ ಹೇಳಿದಿರಿ! ಮುಂತುದಿಯಿಂದ ನಾಲ್ಕು ಬೆರಳು ಹಿಂದೆ, ಎಡಬದಿಯಲ್ಲಿ ಕಾಗದ ಹಾಗೇ ಹಿಡಿದುಕೊಂಡಿತು. ಬಿಚ್ಚಿ ನೋಡಿದರೆ ಅಲ್ಲಿ ಮರ ಕಪ್ಪಾಗಿ ಮಿಂಚುತ್ತಿದೆ, ಪಾಲಿಷ್ ಮಾಡಿದ ಹಾಗೆ. ಉಜ್ಜಿ ತೆಗೆಯಲೇ?

ಉತ್ತರ 2:
ಮೊದಲು ಮರ ಪೂರ್ತಿ ಒಣಗಲಿ, ನೆರಳಿನಲ್ಲಿ. ಇನ್ನೊಂದು ಮಾತು: ಕೆಲವು ರೈಫಲ್‌ಗಳಲ್ಲಿ ತಯಾರಕರೇ ಮುಂತುದಿಯಲ್ಲಿ ಬೇಕೆಂದೇ ಒತ್ತು ಕೊಟ್ಟಿರುತ್ತಾರೆ, ಅದನ್ನು ಮುಟ್ಟಬೇಡಿ. ನಿಮ್ಮದು ಒಂದೇ ಬದಿಯಲ್ಲಿ, ಅದೂ ಹಿಂದೆ ಇರುವುದರಿಂದ ಅದಲ್ಲ. ಒಣಗಿದ ಮೇಲೂ ತಾಗುತ್ತಿದ್ದರೆ ದುಂಡನೆಯ ಕೋಲಿಗೆ ಉಪ್ಪುಕಾಗದ ಸುತ್ತಿ ಸ್ವಲ್ಪಸ್ವಲ್ಪವೇ ಉಜ್ಜಿ, ನಡುನಡುವೆ ಜೋಡಿಸಿ ಕಾಗದ ಎಳೆದು ನೋಡಿ. ಬೆತ್ತಲಾದ ಮರಕ್ಕೆ ವಾರ್ನಿಷ್ ಬಳಿಯದೆ ಬಿಟ್ಟರೆ ಮುಂದಿನ ಮಳೆಗೆ ಮತ್ತೆ ಉಬ್ಬುತ್ತದೆ. ಸ್ಕ್ರೂಗಳನ್ನು ತಯಾರಕರು ಹೇಳಿದಷ್ಟೇ ಬಿಗಿಯಿರಿ. ಸ್ಟಾಕ್ ಬಿಚ್ಚಿ ಹಾಕಿದ ಮೇಲೆ ಜೀರೋ (ಸ್ಕೋಪ್ ತೋರಿಸುವಲ್ಲಿಗೇ ಗುಂಡು ಬೀಳುವ ಹೊಂದಾಣಿಕೆ) ಬದಲಾಗಿರಬಹುದು, ರೇಂಜಿನಲ್ಲಿ ಮತ್ತೆ ಹೊಂದಿಸಿಕೊಳ್ಳಿ.