ಎಮ್ಮೆಗೆ ಲೆಕ್ಕ ಇದೆ, ಬಿಳಿ ಕಾರಿಗೆ?

ಬಳ್ಳಾರಿಯಲ್ಲಿ ಒಂದು ಸರ್ಕಾರಿ ಕಚೇರಿ ಎದುರು ನನ್ನದು ಜೆರಾಕ್ಸ್, ಟೈಪಿಂಗ್ ಅಂಗಡಿ. ಕಚೇರಿ ಗೇಟಿನಲ್ಲಿ ಒಂದು ಭೇಟಿ ಪುಸ್ತಕ, ದಾರಕ್ಕೆ ಕಟ್ಟಿದ ಪೆನ್ನು. ಪಹಣಿ ತಿದ್ದುಪಡಿಗೆ ಬಂದ ರೈತ ಹೆಸರು, ಊರು, ಫೋನ್ ನಂಬರ್, ಬಂದ ಕಾರಣ ಎಲ್ಲಾ ಬರೆಯಬೇಕು. ಬರೆಯೋಕೆ ಬಾರದವರಿಗೆ ನಾನೇ ಎಷ್ಟೋ ಸಲ ಬರೆದುಕೊಟ್ಟಿದ್ದೇನೆ. ಬಿಳಿ ಕಾರು ಬಂದರೆ ಮಾತ್ರ ವಾಚ್‌ಮನ್ ಓಡಿಹೋಗಿ ಗೇಟು ತೆಗೆಯುತ್ತಾನೆ. ಪುಸ್ತಕ ಮೇಜಿನ ಮೇಲೇ ಇರುತ್ತದೆ.

ಮೊನ್ನೆ ಒಬ್ಬ ಪಂಚಾಯಿತಿ ಸದಸ್ಯೆಯ ಆಸ್ತಿ ವಿವರ ಟೈಪ್ ಮಾಡಿದೆ. ಎರಡು ಎಮ್ಮೆ, ಮೂರು ತೊಲ ಬಂಗಾರ, ಸಂಘದ ಸಾಲ. ಎಮ್ಮೆ ಬೆಲೆ ಎಷ್ಟು ಹಾಕೋದು ಅಂತಲೇ ಅರ್ಧ ಗಂಟೆ ಹೋಯಿತು. ಒಂದು ಗೊಡ್ಡು ಬೇರೆ! ಗಣಿಯವರ ಪರ, ಗುತ್ತಿಗೆದಾರರ ಪರ ಮಾತಾಡೋಕೆ ಬರೋರು ಯಾವ ಸಾಹೇಬರನ್ನು ಕಂಡರು ಅಂತ ಬರೆದಿಡೋ ಕಾನೂನು ಇದೆಯಾ? ತಿಳಿದವರು ಹೇಳಿ.

ಉತ್ತರ 1: ಇಲ್ಲ ಅಣ್ಣ. ಲಾಬಿ ಮಾಡೋರು ನೋಂದಣಿ ಮಾಡಿಸಬೇಕು ಅನ್ನೋ ಕಾನೂನೇ ನಮ್ಮ ದೇಶದಲ್ಲಿಲ್ಲ. ಅಮೆರಿಕದಲ್ಲಿ 1995ರ ಕಾಯ್ದೆ ಇದೆ. ಯಾರ ಪರ, ಯಾವ ವಿಷಯ, ಎಷ್ಟು ದುಡ್ಡು ಅಂತ ಈಗ ಮೂರು ತಿಂಗಳಿಗೊಮ್ಮೆ ತಿಳಿಸಬೇಕು. ಆದರೆ ಅಲ್ಲೂ ಯಾವ ಸದನ, ಯಾವ ಇಲಾಖೆ ಅಂದರೆ ಸಾಕು. ಕಂಡ ಸಂಸದರ ಹೆಸರು ಬರೆಯಬೇಕಿಲ್ಲ.

ಉತ್ತರ 2: ಶಾಸಕರೂ ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೆ ಆಸ್ತಿ ವಿವರ ಕೊಡಬೇಕು. 1984ರ ಲೋಕಾಯುಕ್ತ ಕಾಯ್ದೆ, 22ನೇ ಸೆಕ್ಷನ್. ಕೊಡದಿದ್ದರೆ? ನೆನಪಿಸಿದ ಮೇಲೂ ಕೊಡದವರ ಹೆಸರು ಮೂರು ಪೇಪರಲ್ಲಿ ಹಾಕಿಸಬೇಕು ಅಂತಿದೆ. ಅಕ್ರಮ ಗಣಿ ಬಗ್ಗೆ ಆಗಿನ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ದೊಡ್ಡ ವರದಿ ಬಂದಿದ್ದು 2011ರ ಜುಲೈನಲ್ಲಿ. ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು, ನಿಜ. ಅಷ್ಟೊತ್ತಿಗೆ ಅದಿರು ಲಾರಿ ಬಂದರು ಮುಟ್ಟಿ ವರ್ಷಗಳಾಗಿದ್ದವು.

ಉತ್ತರ 3: ಸುಮ್ನೆ ಯಾಕೆ ಕೂತಿದ್ದೀರಿ? ಆ ಪುಸ್ತಕವೂ ಸರ್ಕಾರಿ ದಾಖಲೆಯೇ ಅಲ್ವಾ? ಆರ್‌ಟಿಐ ಹಾಕಿ. 10 ರೂಪಾಯಿ ಪೋಸ್ಟಲ್ ಆರ್ಡರ್, ಒಂದೇ ವಿಷಯ, 150 ಪದ ಮೀರಬಾರದು. 30 ದಿನದಲ್ಲಿ ಉತ್ತರ ಕೊಡಬೇಕು. ಸಿಂಧನೂರಲ್ಲಿ ನಾನು ಕಾಲುವೆ ಕೆಲಸದ ಬಿಲ್ಲು ಹೀಗೇ ತೆಗೆಸಿದ್ದೆ.

ಪ್ರಶ್ನೆ ಕೇಳಿದವರು: ಹಾಕಿದೆ ಅಣ್ಣ. ಮೊದಲ ಸಲ ಬರೆದಾಗ 230 ಪದ ಆಗಿತ್ತು, ಸಿಟ್ಟೇ ಜಾಸ್ತಿ ಇತ್ತು. ಅದನ್ನೆಲ್ಲ ತೆಗೆದೆ. ಕೊಡೋಕೆ ಹೋದಾಗ ದಿನಾ ನನ್ನ ಅಂಗಡಿಯಲ್ಲಿ ಟೀ ಕುಡಿಯೋ ವಾಚ್‌ಮನ್ ಪುಸ್ತಕ ಮುಂದೆ ತಳ್ಳಿದ: "ಹೆಸರು ಬರೀರಿ. ಕಾರಣಾನೂ ಬರೀರಿ."