ಒಂದೇ ಒಲೆ, ಒಂದೇ ಫ್ರಿಜ್: ಮಿತ್ಸ್ವಾಗಳನ್ನು, ಅಂದರೆ ಯಹೂದಿ ಧರ್ಮದ ಆಜ್ಞೆಗಳನ್ನು, ಎಲ್ಲಿಂದ ಆರಂಭಿಸಿದಿರಿ? ಅನುಭವ ಹೇಳಿ

ಕೇಳಿದವರು: ಫ್ರೇಜರ್ ಟೌನ್, ಬೆಂಗಳೂರು

ನಮ್ಮದು ಬೆನೆ ಇಸ್ರಾಯೇಲ್, ಅಂದರೆ ಕೊಂಕಣ ಮೂಲದ ಯಹೂದಿ ಮನೆತನ. ಅಪ್ಪ ಹೋದ ವರ್ಷ ತೀರಿಕೊಂಡರು. ಅವರು ಶೆಮಾ ಪ್ರಾರ್ಥನೆ ಹೇಳದೆ ಮಲಗಿದವರಲ್ಲ. ಅದು ಬಿಟ್ಟರೆ ಮನೆಯಲ್ಲಿ ಆಚರಣೆ ಹೆಚ್ಚೇನೂ ಇರಲಿಲ್ಲ. ಈಗ ನನಗೆ ಮಿತ್ಸ್ವಾಗಳನ್ನು ಹಬ್ಬಕ್ಕಷ್ಟೇ ಅಲ್ಲ, ದಿನವೂ ಬಾಳಬೇಕು ಎನಿಸಿದೆ. ನಮ್ಮ ಧರ್ಮಗ್ರಂಥ ತೋರಾದ 613 ಮಿತ್ಸ್ವಾಗಳಲ್ಲಿ ಯಾವುದನ್ನು ಮೊದಲು ಹಿಡಿಯಲಿ? ಬಾಡಿಗೆ ಮನೆ, ಒಂದೇ ಒಲೆ, ಶನಿವಾರ ಅರ್ಧ ದಿನ ಕೆಲಸ. ಅಮ್ಮ, "ಒಳ್ಳೆಯವಳಾಗಿ ಬಾಳು, ಸಾಕು. ಎರಡು ಜೊತೆ ಪಾತ್ರೆ ಇಟ್ಟುಕೊಂಡರೆ ದೇವರು ಹೆಚ್ಚು ಮೆಚ್ಚುತ್ತಾನೆಯೇ?" ಎನ್ನುತ್ತಾರೆ. ಮಾಡಿ ನೋಡಿದವರು ಹೇಳಿ.

ಹುಬ್ಬಳ್ಳಿಯವನು, ಈಗ ಅಶ್ದೋದ್

ಅಡುಗೆಮನೆ. ಎರಡನೆಯ ಮಾತೇ ಇಲ್ಲ. ನಾನು ಇಲ್ಲಿ ಇಸ್ರೇಲಿನಲ್ಲಿ ಅಡುಗೆಮನೆ ಬದಲಿಸಿದ್ದು ನಲವತ್ತೊಂದನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ನಮಗೆ ನಿಷಿದ್ಧವಾದ ಏಡಿ, ಸಿಗಡಿ ಎಲ್ಲವನ್ನೂ ತಿಂದವನು. ಲೆಕ್ಕ ಇನ್ನೂ ಡೈರಿಯಲ್ಲಿದೆ: ಹಾಲಿಗೂ ಮಾಂಸಕ್ಕೂ ಬೇರೆ ಬೇರೆ ತಟ್ಟೆ ಬಟ್ಟಲು 640 ಶೆಕೆಲ್, ಆರು ಪಾತ್ರೆ 910, ಸಿಂಕಿಗೆ ಎರಡನೆಯ ತೊಟ್ಟಿ 75, ಬೆಂಕಿ ಕಾರುವ ಟಾರ್ಚು ಮತ್ತು ಗ್ಯಾಸು 130. ಒಟ್ಟು 1,755. ಹೊಸ ಸ್ಟೀಲು, ಗಾಜು ಎಲ್ಲವನ್ನೂ ಮಿಕ್ವೆಯಲ್ಲಿ, ಅಂದರೆ ಶುದ್ಧಿಸ್ನಾನದ ಕೊಳದಲ್ಲಿ, ಮುಳುಗಿಸಿ ತರಲು ಎರಡು ಸಂಜೆ ಹಿಡಿಯಿತು.

ಖರ್ಚು ಮರೆಯಬಹುದು, ಹಂಚು ಮರೆಯುವುದಿಲ್ಲ. ಅಮ್ಮ ಕೊಟ್ಟಿದ್ದ ಬೀಡಿನ ದೋಸೆ ಹಂಚು. ಅದರ ಮೇಲೆ ಸಿಗಡಿ ಹುರಿದಿದ್ದೆವು, ಹಾಗಾಗಿ ಶುದ್ಧಿಗೆ ಕೆಂಪಗೆ ಕಾಯಿಸಲೇಬೇಕಿತ್ತು. ಇಪ್ಪತ್ತನಾಲ್ಕು ಗಂಟೆ ಬಳಸದೆ ಇಟ್ಟು, ಬಾಲ್ಕನಿಯಲ್ಲಿ ಕಾಯಿಸಿದೆ. ಕಾಯುತ್ತಾ ಹೋದಂತೆ ಕಿಡಿ ಚಿಮ್ಮಿತು. ಅಲ್ಲಿಗೆ ಬಿಡಬೇಕಿತ್ತು. ಅವಸರದಲ್ಲಿ ತಣ್ಣೀರು ಸುರಿದೆ. ಠಣ್ ಎಂದಿತು, ನಟ್ಟನಡುವೆ ಕೂದಲೆಳೆಯಷ್ಟು ಬಿರುಕು. ಮಣ್ಣಿನ ಸಾರಿನ ಮಡಕೆಗಂತೂ ಶುದ್ಧಿಯೇ ಇಲ್ಲ, ಮಣ್ಣು ಹೀರಿದ್ದನ್ನು ಬಿಡುವುದಿಲ್ಲ. ಅದರಲ್ಲಿ ಈಗ ದೊಡ್ಡಪತ್ರೆ ಬೆಳೆದಿದೆ.

ಆದರೂ ಹೇಳುತ್ತೇನೆ. ಮಾಂಸ ಉಂಡ ಮೇಲೆ ಆರು ಗಂಟೆ ಹಾಲಿನ ಚಹಾ ಇಲ್ಲ. ಕೈ ಫ್ರಿಜ್ಜಿನ ಬಾಗಿಲವರೆಗೆ ಹೋಗಿ ನಿಲ್ಲುತ್ತದೆ. ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬೇಡ ಎಂದು ತೋರಾ ಮೂರು ಸಲ ಹೇಳಿದೆ. ಆ ನಿಂತ ಕೈ ನನಗೆ ಪ್ರಾರ್ಥನೆಗಿಂತ ಹೆಚ್ಚು ಕಲಿಸಿದೆ. ನಮ್ಮ ಅಜ್ಜಿಯರು ಮಾಂಸದ ಸಾರಿಗೆ ತೆಂಗಿನ ಹಾಲು ಹಾಕುತ್ತಿದ್ದುದೂ ಇದೇ ಕಾರಣಕ್ಕೆ.

ದಿಮೋನಾ, ಮೂಲ ಬೆಳಗಾವಿ

ಹಂಚಿನ ಕಥೆ ಓದಿದೆ. ಬೇಸರವಾಯಿತು. ಆದರೆ ತಂಗಿ, ಶಬ್ಬಾತ್, ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿವರೆಗಿನ ವಿಶ್ರಾಂತಿ, ಇಲ್ಲದ ಅಡುಗೆಮನೆ ಬರೀ ಪಾತ್ರೆ ಅಂಗಡಿ. ಕೊಂಕಣದಲ್ಲಿ ನಮ್ಮವರು ಎಣ್ಣೆ ತೆಗೆಯುತ್ತಿದ್ದರು. ಅವರ ಬಳಿ ತೋರಾ ಸುರುಳಿ ಇರಲಿಲ್ಲ, ಹೀಬ್ರೂ ಇರಲಿಲ್ಲ, ಶೆಮಾ ಒಂದೇ ನಾಲಿಗೆಯಲ್ಲಿ ಉಳಿದಿತ್ತು. ಆದರೂ ಶನಿವಾರ ಗಾಣ ತಿರುಗುತ್ತಿರಲಿಲ್ಲ. ಊರವರು ಇಟ್ಟ ಹೆಸರೇ "ಶನಿವಾರ್ ತೇಲಿ", ಶನಿವಾರ ದುಡಿಯದ ಗಾಣಿಗರು ಎಂದು. ಅಷ್ಟರಿಂದಲೇ ನಾವು ಯಾರೆಂದು ಉಳಿಯಿತು. ಇಲ್ಲಿ ಇಸ್ರೇಲಿಗೆ ಬಂದ ಮೇಲೆ, ಇವರು ನಿಜವಾದ ಯಹೂದಿಗಳೇ ಎಂದು ಮದುವೆಗೆ ಮುನ್ನ ಧರ್ಮಗುರುಗಳು ನಮ್ಮವರ ಹುಟ್ಟನ್ನೇ ಕೆದಕಿದರು. ನನ್ನ ಚಿಕ್ಕಪ್ಪ ಜೆರುಸಲೇಮಿನಲ್ಲಿ ಧರಣಿ ಕುಳಿತವರು. 1964ರಲ್ಲಿ ಆ ಪ್ರಶ್ನೆ ತೀರಿತು. ಹಾಗಾಗಿ ಪುಸ್ತಕದ ಜನ ನಮಗೆ ಪಾಠ ಹೇಳಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ನಾನು ಮೃತ ಸಮುದ್ರದ ಬಳಿಯ ಒಂದು ಹೋಟೆಲಿನ ಲಾಂಡ್ರಿಯಲ್ಲಿದ್ದೆ. ಶುಕ್ರವಾರದ ಕೊನೆಯ ಬಸ್ ಸಿಕ್ಕಿದರೂ ಚಳಿಗಾಲದಲ್ಲಿ ಮನೆ ಸೇರುವಷ್ಟರಲ್ಲಿ ಕತ್ತಲು. ಶಬ್ಬಾತ್ ದೀಪವನ್ನು ಸೂರ್ಯ ಮುಳುಗುವ 18 ನಿಮಿಷ ಮೊದಲೇ ಹಚ್ಚಬೇಕಲ್ಲ! ಶುಕ್ರವಾರ ಬರುವುದಿಲ್ಲ ಎಂದೆ. ಮೂರೇ ವಾರಕ್ಕೆ ಅರ್ಧ ಹೊತ್ತಿನ ಕೆಲಸಕ್ಕೆ ಇಳಿಸಿದರು. ಹದಿನಾಲ್ಕು ತಿಂಗಳು ಹಾಗೆಯೇ ನಡೆಯಿತು. ಫ್ರಿಜ್ಜಿನ ಕಂತು ಕಟ್ಟಲು ಎರಡು ಬಳೆ ಮಾರಿದೆ. ಮಕ್ಕಳಿಗೆ ಆ ಚಳಿಗಾಲ ಒಂದೇ ಜೊತೆ ಬೂಟು. ಹಿರಿಯ ಮಗ ಅದನ್ನು ಇನ್ನೂ ಎತ್ತಿ ಆಡುತ್ತಾನೆ. ಅವನ ಮಗ ಮಾತ್ರ ಶುಕ್ರವಾರ ಸಂಜೆ ನಮ್ಮ ಮನೆಗೆ ಬಂದು, ತನ್ನ ಮೊಬೈಲನ್ನು ತಾನೇ ಅಕ್ಕಿ ಡಬ್ಬದೊಳಗೆ ಹೂತು ಮುಚ್ಚಳ ಹಾಕುತ್ತಾನೆ. ಶನಿವಾರ ರಾತ್ರಿ ಮೂರು ನಕ್ಷತ್ರ ಕಾಣುವವರೆಗೆ ತೆಗೆಯುವುದಿಲ್ಲ.

ಉಡುಪಿ ಕಡೆಯವಳು, ಪೆತಾಹ್ ತಿಕ್ವಾ

ನಾನು ಯಹೂದಿಯಲ್ಲ, ಕ್ರೈಸ್ತಳು. ಒಂಬತ್ತು ವರ್ಷದಿಂದ ಇಲ್ಲಿ ಇಸ್ರೇಲಿನಲ್ಲಿ ವೃದ್ಧರ ಆರೈಕೆ ಮಾಡುತ್ತೇನೆ. ನಾಲ್ಕು ಮನೆ ನೋಡಿದ್ದೇನೆ. ಹೇಳಲೇಬೇಕು ಅನ್ನಿಸಿತು.

ಮೊದಲ ಮನೆಯಲ್ಲಿ ಮಾಂಸದ ಚಮಚಕ್ಕೆ ಕೆಂಪು ಟೇಪು, ಹಾಲಿನದಕ್ಕೆ ನೀಲಿ. ಒಮ್ಮೆ ಕೆಂಪು ಚಮಚದಿಂದ ಮೊಸರು ತೆಗೆದೆ. ಮಗ ಬಂದು ಕೂಗಾಡಿ, ಆ ಚಮಚವನ್ನು ಹೂಕುಂಡದ ಮಣ್ಣಿಗೆ ಚುಚ್ಚಿಟ್ಟ. ಅದೇ ಮಗ ನಾಲ್ಕು ತಿಂಗಳು ನನ್ನ ಸಂಬಳ ತಡ ಮಾಡಿದ. ಒಂದು ತಿಂಗಳು ಹನ್ನೊಂದು ದಿನ, ಇನ್ನೊಂದು ತಿಂಗಳು ಇಪ್ಪತ್ತಮೂರು ದಿನ. ಊರಿನಲ್ಲಿ ಏಜೆಂಟನಿಗೆ ಕೊಡಲು ತಂದ ಸಾಲಕ್ಕೆ ಬಡ್ಡಿ ಏರುತ್ತಿತ್ತು. ತಂಗಿಯ ನರ್ಸಿಂಗ್ ಶುಲ್ಕ ಕಟ್ಟಲು ಅಮ್ಮ ದನ ಮಾರಿದರು.

ಮೂರನೆಯ ಮನೆಯ ಸವ್ತಾ, ಎಂದರೆ ಅಜ್ಜಿ, ಅಷ್ಟೊಂದು ಕಟ್ಟುನಿಟ್ಟಿನವರಲ್ಲ. ಕೈ ನಡುಗುತ್ತಿತ್ತು. ಆದರೆ ತಿಂಗಳ ಕೊನೆಯ ದಿನ ಬೆಳಿಗ್ಗೆಯೇ ಮಗಳಿಗೆ ಫೋನ್ ಮಾಡಿಸುತ್ತಿದ್ದರು, "ಲಕೋಟೆ ಎಲ್ಲಿ?" ಎಂದು. ಒಮ್ಮೆ ಮಗಳು ಬರುವುದು ತಡವಾಯಿತು. ಸವ್ತಾ ತಮ್ಮ ದಿಂಬಿನ ಹೊಲಿಗೆ ಬಿಚ್ಚಿ, ಒಳಗಿಟ್ಟಿದ್ದ ನೋಟುಗಳನ್ನು ಎಣಿಸಿ ಕೊಟ್ಟರು. ಕಿಟಕಿ ಕಡೆ ಕೈ ತೋರಿಸಿ "ಶೆಮೆಶ್, ಶೆಮೆಶ್" ಎಂದರು. ಸೂರ್ಯ. ರಾತ್ರಿ ನನ್ನ ಬೈಬಲ್ ತೆಗೆದೆ, ಧರ್ಮೋಪದೇಶಕಾಂಡ 24:15. ಸೂರ್ಯ ಮುಳುಗುವ ಮುನ್ನ ಕೂಲಿ ಕೊಡು, ಅವನು ಬಡವ, ಅದರ ಮೇಲೇ ಜೀವ ಇಟ್ಟಿದ್ದಾನೆ ಎಂದಿದೆ. ನಿಮ್ಮ ಮನೆಯಲ್ಲಿ ಕೆಲಸದವರಿದ್ದರೆ ಅಲ್ಲಿಂದ ಆರಂಭಿಸಿ ಅಕ್ಕ.

ಹುಬ್ಬಳ್ಳಿಯವನು, ಈಗ ಅಶ್ದೋದ್

ಒಬ್ಬ ಕೆಟ್ಟವನನ್ನು ಹಿಡಿದು ಇಡೀ ಆಚಾರವನ್ನು ಹಳಿಯಬೇಡಿ. ಸಂಬಳ ತಡ ಮಾಡಿದವನು ಕೋಶರ್, ಅಂದರೆ ನಮ್ಮ ಆಹಾರ ನಿಯಮ, ಪಾಲಿಸಿದ್ದರಿಂದ ತಡ ಮಾಡಲಿಲ್ಲ. ನಮ್ಮ ಮನೆಯೊಳಗೆ ದುಡಿದು ಉಂಡು, ಹೊರಗೆ ಬಂದು ನಮ್ಮ ಚಮಚದ ಕಥೆ ಹೇಳುವುದು ಯಾವ ನ್ಯಾಯ?

ದಿಮೋನಾ, ಮೂಲ ಬೆಳಗಾವಿ

ಸಾಕು ನಿಲ್ಲಿಸಿ! ಅವರು ಹೆಸರು ಹೇಳಿದರೇ? ಊರು ಹೇಳಿದರೇ? ತಮ್ಮ ನೋವು ಹೇಳಿಕೊಂಡರು. ನಾಲ್ಕು ಜನರ ಮುಂದೆ ಒಬ್ಬರ ಮುಖ ಬಾಡಿಸುವುದು ರಕ್ತ ಚೆಲ್ಲಿದ ಹಾಗೆ ಎಂದು ಹೇಳಿದವರು ನಮ್ಮ ಗುರುಗಳೇ. ತೋರಾ ಪರದೇಶಿಯ ವಿಷಯವನ್ನು ಎಷ್ಟು ಸಲ ಎತ್ತುತ್ತದೆ ಎಂದು ಎಣಿಸಿ ಬನ್ನಿ, ಆಮೇಲೆ ತಟ್ಟೆ ಎಣಿಸುವಿರಂತೆ.

ಜಯನಗರ

ನನ್ನದು ಮಾಸೆರ್, ಆದಾಯದ ಹತ್ತನೆಯ ಒಂದು ಪಾಲು. ಸಂಬಳ 62,000, ಎತ್ತಿಡುವುದು 6,200. ತೆರಿಗೆ ಕಳೆದ ಮೇಲೋ, ಮೊದಲೋ, ಮನೆ ಸಾಲದ ಕಂತು ಲೆಕ್ಕಕ್ಕೆ ಬರುತ್ತದೆಯೋ ಎಂದು ಎರಡು ವರ್ಷ ತಲೆ ಕೆಡಿಸಿಕೊಂಡಿದ್ದೆ. ಈಗ ತೆರಿಗೆ ಕಳೆದು ಕೈಗೆ ಬಂದದ್ದರಲ್ಲಿ ಕೊಡುತ್ತೇನೆ, ಕಂತು ಕಳೆಯುವುದಿಲ್ಲ.

ಮಧ್ಯಯುಗದ ನಮ್ಮ ಗುರು ರಂಬಾಮರು ದಾನಕ್ಕೆ ಎಂಟು ಮೆಟ್ಟಿಲು ಹೇಳಿದ್ದಾರೆ. ಎಲ್ಲಕ್ಕಿಂತ ಮೇಲಿನದು ಒಬ್ಬರು ತಮ್ಮ ಕಾಲ ಮೇಲೆ ನಿಲ್ಲುವಂತೆ ಸಾಲವೋ ಕೆಲಸವೋ ಕೊಡುವುದು. ಅದನ್ನೇ ಏರುತ್ತೇನೆಂದು ನಮ್ಮ ಬೀದಿಯ ಆಟೋ ಚಾಲಕರೊಬ್ಬರಿಗೆ ಎಂಜಿನ್ ಕೆಲಸಕ್ಕೆ 40,000 ಕೊಟ್ಟೆ, ಬಡ್ಡಿಯಿಲ್ಲದೆ. 27,500 ಬಂತು. ಆಮೇಲೆ ಅವರ ಹೆಂಡತಿಗೆ ಡಯಾಲಿಸಿಸ್. ಕೊಡಲಾಗದವನೆಂದು ಗೊತ್ತಿದ್ದೂ ಪೀಡಿಸಬಾರದು, ಅವನೆದುರು ಹಾದುಹೋಗಲೂ ಬಾರದು ಎಂದು ಹಳೆಯ ಗುರುಗಳ ಚರ್ಚೆಗಳ ಗ್ರಂಥ ತಾಲ್ಮುದ್ ಹೇಳುತ್ತದೆ. ನನ್ನನ್ನು ಕಂಡರೆ ಅವರು ಆಟೋದ ಹಿಂದೆ ಸರಿದು, ಬಟ್ಟೆ ಹಿಡಿದು ಹಿಂದಿನ ಗಾಜು ಒರೆಸತೊಡಗುತ್ತಿದ್ದರು, ಒರೆಸಿದ ಗಾಜನ್ನೇ ಮತ್ತೆ ಮತ್ತೆ. ಎಂಟು ತಿಂಗಳಿಂದ ನಾನು ಸ್ಟ್ಯಾಂಡು ತಪ್ಪಿಸಿ ಹಾಲಿನ ಬೂತ್ ಕಡೆಯಿಂದ ಸುತ್ತಿ ಮನೆಗೆ ಹೋಗುತ್ತೇನೆ. ಹೆಂಡತಿ ಇದನ್ನು ಹುಚ್ಚು ಎನ್ನುತ್ತಾಳೆ. ನಾನು ಪಾಲಿಸುವ ಮಿತ್ಸ್ವಾಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಇದೇ.

ಹುಬ್ಬಳ್ಳಿಯವನು, ಈಗ ಅಶ್ದೋದ್

ಕಂತು ಕಳೆಯುವ ವಿಷಯದಲ್ಲಿ ಬೇರೆ ಅಭಿಪ್ರಾಯಗಳಿವೆ. ಒಬ್ಬ ಧರ್ಮಗುರುವನ್ನು ಕೇಳಿ ತಿಳಿಯಿರಿ, ನೀವೇ ತೀರ್ಮಾನಿಸಬೇಡಿ. ಕೇಳಿದವರಿಗೆ ಒಂದು ಮಾತು: ಹುಳಿ ಬಂದ ಗೋಧಿ ಪದಾರ್ಥ ವರ್ಜ್ಯವಾದ ಪೆಸಾಹ್ ಹಬ್ಬ ಬರುವ ಮೊದಲು ಇಂಗಿನ ಡಬ್ಬಿ ನೋಡಿ. ಕುಟ್ಟಿ ಮಾರುವ ಇಂಗಿಗೆ ಗೋಧಿ ಹಿಟ್ಟು ಬೆರೆಸುತ್ತಾರೆ. ನಾವು ಮೂರು ವರ್ಷ ಗೊತ್ತಿಲ್ಲದೆ ಅದನ್ನೇ ಹಬ್ಬದ ಸಾರಿಗೆ ಹಾಕಿದೆವು.

ದಿಮೋನಾ, ಮೂಲ ಬೆಳಗಾವಿ

ಇಂಗು ಇರಲಿ, ಅನ್ನದ ಗತಿ ಕೇಳಿ. ಸೊಸೆ ಅಶ್ಕೆನಾಜಿ, ಅಂದರೆ ಯುರೋಪ್ ಮೂಲದ ಯಹೂದಿ ಮನೆಯವಳು. ಪೆಸಾಹ್ ಎಂಟು ದಿನ, ಕ್ಷಮಿಸಿ, ಇಲ್ಲಿ ಏಳು ದಿನ, ಅವಳು ಅಕ್ಕಿ ಮುಟ್ಟುವುದಿಲ್ಲ. ನಮ್ಮಲ್ಲಿ ಅನ್ನ ಇಲ್ಲದೆ ಹಬ್ಬವೇ ಇಲ್ಲ. ಅಕ್ಕಿಯನ್ನು ಬಿಳಿ ಬಟ್ಟೆಯ ಮೇಲೆ ಹರಡಿ, ಗೋಧಿ ಕಾಳು ಸೇರಿದೆಯೋ ಎಂದು ಮೂರು ಸಲ ಆರಿಸುತ್ತೇನೆ. ಅವಳು ಪಕ್ಕದಲ್ಲಿ ಕುಳಿತು ಆರಿಸಿಕೊಡುತ್ತಾಳೆ, ತಾನು ಆಲೂಗಡ್ಡೆ ತಿನ್ನುತ್ತಾಳೆ.

ಕೇಳಿದವರು: ಫ್ರೇಜರ್ ಟೌನ್

ಡಬ್ಬಿ ನೋಡಿದೆ, ಗೋಧಿ ಹಿಟ್ಟು ಎಂದೇ ಬರೆದಿದೆ. ಮನೆಗೆಲಸದವರಿಗೆ ನಾನು ಸಂಬಳ ಕೊಡುವುದು ಹತ್ತನೆಯ ತಾರೀಖಿಗೆ, ನನ್ನ ಸಂಬಳ ಏಳಕ್ಕೆ ಬರುತ್ತದೆ ಎಂಬ ಕಾರಣಕ್ಕೆ. ಇದುವರೆಗೆ ಅವರನ್ನು ಒಮ್ಮೆಯೂ ಕೇಳಿರಲಿಲ್ಲ, ಅನುಕೂಲವೇ ಎಂದು.

ಹುಬ್ಬಳ್ಳಿಯವನು, ಈಗ ಅಶ್ದೋದ್

ಉಡುಪಿಯ ಅಕ್ಕನವರಿಗೆ. ನಿನ್ನೆ ರಾತ್ರಿ ನನ್ನ ಮಾತನ್ನು ಮತ್ತೆ ಓದಿದೆ. ಹಾಗೆ ಬರೆಯಬಾರದಿತ್ತು. ಎಲ್ಲರ ಮುಂದೆ ಅಂದೆ, ಆದ್ದರಿಂದ ಎಲ್ಲರ ಮುಂದೆಯೇ ಕ್ಷಮೆ ಕೇಳುತ್ತೇನೆ.

ಉಡುಪಿ ಕಡೆಯವಳು, ಪೆತಾಹ್ ತಿಕ್ವಾ

ಆಗಲಿ ಅಣ್ಣ, ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ. ಆ ಮೊದಲ ಮನೆಯವರಿಂದ ಕೊನೆಯ ತಿಂಗಳ 2,300 ಶೆಕೆಲ್ ಇನ್ನೂ ಬರಬೇಕು. ಏಳು ವರ್ಷವಾಯಿತು.